ವಿಭೂತಿಯ ಕೆಳಗಿನ ನಂಬರು

ನನ್ನ ಕೆಲಸವೇನೆಂದು ಗಡಹಿಂಗ್ಲಜದ ನಮ್ಮ ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. "ಕೊಲ್ಹಾಪುರದಾಗ ಕುಂತು ಲಾರಿ ಎಣಸ್ತಾಳ" ಎಂದು ಅವ್ವ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾಳೆ. ಸುಳ್ಳೇನಲ್ಲ. ಆದರೂ ಕೇಳಿದಾಗಲೆಲ್ಲ ನನಗೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ನಾನು.

ಘಟ್ಟದಾಚೆ ಒಂದು ಹೊಳೆಯ ದಂಡೆಗೆ ಅಣುವಿದ್ಯುತ್ ಕೇಂದ್ರವಿದೆ. ಅದರ ಎದುರು ದಂಡೆಯ ರಸ್ತೆಯಲ್ಲಿ ಅಮೋನಿಯಾ, ಕ್ಲೋರಿನ್ ಹೊತ್ತ ಗಾಡಿಗಳು ಹಾಯುತ್ತವೆ. ಒಂದು ಟ್ಯಾಂಕರು ಮಗುಚಿಬಿದ್ದು ಅನಿಲ ಸೋರಿದರೆ ಗಾಳಿ ಅದನ್ನು ಹೊಳೆ ದಾಟಿಸಿ ಕೇಂದ್ರದೊಳಗೇ ತರಬಹುದು. ಉಳಿದವರು ಎದ್ದು ಓಡಬಹುದು, ಕಂಟ್ರೋಲ್ ರೂಮಿನಲ್ಲಿ ಕೂತವರು ಓಡುವಂತಿಲ್ಲ. ಮುಖಕ್ಕೆ ಮಾಸ್ಕ್ ಏರಿಸಿಕೊಂಡು ಅಲ್ಲೇ ಕೂತು ಯಂತ್ರ ನೋಡಿಕೊಳ್ಳಬೇಕು. ಆ ಮಾಸ್ಕಿನ ತಾಲೀಮು ಎಷ್ಟು ಬೇಕು ಎಂಬುದು ರಸ್ತೆಯಲ್ಲಿ ಎಷ್ಟು ಟ್ಯಾಂಕರು ಓಡುತ್ತವೆ ಎನ್ನುವುದರ ಮೇಲೆ ನಿಂತಿದೆ. ಅಲ್ಲಿನ ಸೇತುವೆಯ ಕ್ಯಾಮೆರಾ ತೆಗೆದ ಚಿತ್ರಗಳು ಕೊಲ್ಹಾಪುರದ ನಮ್ಮ ಸಣ್ಣ ಕಚೇರಿಗೆ ಬರುತ್ತವೆ. ಟ್ಯಾಂಕರಿನ ಹಿಂಬದಿಯ ಅಪಾಯ ಫಲಕದ ನಂಬರು ಓದಿ ಬರೆದುಕೊಳ್ಳುವುದು ನನ್ನ ಕೆಲಸ. 1005 ಎಂದರೆ ಅಮೋನಿಯಾ.

ಆ ವರ್ಷ, ನಾನು ಕೆಲಸಕ್ಕೆ ಸೇರಿದ ಮೇಲಿನ ಮೊದಲ ದಸರೆ ಮುಗಿದದ್ದೇ ತಡ, 1005 ಕಾಣುವುದು ನಿಂತೇಹೋಯಿತು. ಮೂರು ವಾರ ಸೊನ್ನೆ ಬರೆದೆ. ನಮ್ಮ ಸಾಹೇಬರು ಖುಷಿಯಾಗಿ "ಬರಂ ಝಾಲಂ" ಎಂದರು, ಒಳ್ಳೆಯದೇ ಆಯಿತಂತೆ. ಟ್ಯಾಂಕರುಗಳೇ ಬರುತ್ತಿಲ್ಲವೆಂದ ಮೇಲೆ ಅಮೋನಿಯಾದ ತಾಲೀಮು ನಿಲ್ಲಿಸಬಹುದು ಎಂದು ಕೇಂದ್ರದವರೂ ಯೋಚಿಸಿದ್ದರು. ಸೋಮವಾರ ನಾನು ವರದಿಗೆ ಸಹಿ ಹಾಕಿದರೆ ಮುಗಿಯಿತು. ಸೊನ್ನೆ ಬರೆಯುವುದು ಸುಲಭದ ಕೆಲಸ, ನಾನೂ ಖುಷಿಯಾಗಿದ್ದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಶನಿವಾರ ಎಸ್‌.ಟಿ. ಬಸ್ಸು ಹಿಡಿದು ಊರಿಗೆ ಬಂದೆ. ಮರುದಿನ ಬೆಳಿಗ್ಗೆ ಸಂತೆಗೆ ಹೋಗಲು ಅಪ್ಪನ ಸ್ಕೂಟರ್ ಹೊರಗೆ ತೆಗೆದರೆ ಹಿಂದಿನ ನಂಬರ್ ಪ್ಲೇಟಿನ ತುಂಬ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ. ದಸರೆಯ ಖಂಡೆಪೂಜೆಯ ದಿನ ಹಚ್ಚಿದ್ದು. ಒದ್ದೆ ಅರಿವೆಯಿಂದ ತಿಕ್ಕಿದೆ, ಹೋಗಲೊಲ್ಲದು.

"ನೀರಿಗೆ ಹೋಗಂಗಿಲ್ಲ ಅದು" ಎಂದ ಅಪ್ಪ ಕಟ್ಟೆಯ ಮೇಲಿಂದ. "ಅಮಾಸಿಗೆ ಹಚ್ಚೂದು ನೀರಾಗ ಕಲಸಿದ್ದು, ಖಂಡೆಪೂಜಿದು ಕೊಬ್ಬರಿಎಣ್ಣ್ಯಾಗ ಕಲಸೇನಿ. ಘಟ್ಟದ ಮಳಿಗೂ ಜಗ್ಗಂಗಿಲ್ಲ."

ಅರಿವೆ ಹಿಡಿದ ಕೈ ಹಾಗೇ ನಿಂತಿತು. ಅಪ್ಪ ಇಪ್ಪತ್ತೆಂಟು ವರ್ಷ ಇಚಲಕರಂಜಿಯ ಒಬ್ಬ ಮಾಲಕರ ಅಮೋನಿಯಾ ಟ್ಯಾಂಕರನ್ನು ಅದೇ ಘಟ್ಟದ ರಸ್ತೆಯಲ್ಲಿ ಓಡಿಸಿದವನು. ಈಗ ಆ ಗಾಡಿಗಳನ್ನು ಓಡಿಸುವವರೆಲ್ಲ ಅವನ ಕೈಯಲ್ಲಿ ಕಲಿತವರು.

"ಅಪ್ಪಾ, ಟ್ಯಾಂಕರಿಗೆ ಇದನ್ನ ಎಲ್ಲಿ ಹಚ್ತಿದ್ದಿ?"

"ಮತ್ತೆಲ್ಲಿ? ಹಿಂದಿನ ಬೋರ್ಡಿಗೆ. ಇಸ ಎಲ್ಲಿ ಬರದೈತೋ ಅಲ್ಲೇ ದೇವರು ಇರಬೇಕಲ್ಲ. ಎಲ್ಲಾರಿಗೂ ನಾನ ಕಲಿಸೇನಿ."

ಅದನ್ನು ಹೇಳುವಾಗ ಅವನ ಮುಖದ ಮೇಲಿದ್ದ ಹೆಮ್ಮೆ ಈಗಲೂ ಕಣ್ಣ ಮುಂದಿದೆ.

ಲ್ಯಾಪ್‌ಟಾಪು ತಂದು ಚಿತ್ರಗಳನ್ನು ತೆರೆದೆ. ಬಿಳಿ ಟ್ಯಾಂಕರುಗಳು, ಹಿಂದೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಎಲ್ಲದಕ್ಕೂ ನಾನು ಹಾಲಿನ ಗಾಡಿ ಎಂದು ಬರೆದಿದ್ದೆ. ಅಪ್ಪ ಕನ್ನಡಕ ಏರಿಸಿ ನೋಡಿ ಬಿದ್ದುಬಿದ್ದು ನಕ್ಕ.

"ಹಾಲಿನ ಗಾಡಿ ಬೆನ್ನ ಹಿಂಗ ಗುಮ್ಮಟದಂಗ ಇರತೈತೇನ? ಎಮ್ಮೆಸ್ಸಿ ಅಂತ, ಎಮ್ಮೆಸ್ಸಿ!"

ನನಗೆ ನಗು ಬರಲಿಲ್ಲ. ನಿನ್ನ ವಿಭೂತಿಯಿಂದ ನನ್ನ ಎಣಿಕೆ ಕೆಟ್ಟಿದೆ, ನಾಳೆ ಸಹಿ ಹಾಕಿದರೆ ಅಲ್ಲಿನವರ ತಾಲೀಮು ನಿಲ್ಲುತ್ತದೆ ಎಂದು ಒದರಿಬಿಟ್ಟೆ. ಅವನೂ ಕೆರಳಿದ.

"ನನ್ನ ಗಾಡಿ ಒಂದ ದಿನಾ ಸೋರಿಲ್ಲ! ದೇವರ ಮ್ಯಾಲ ತಪ್ಪ ಹಾಕಬ್ಯಾಡ."

"ಸೋರಿದ್ರ ಆ ಕಂಟ್ರೋಲ್ ರೂಮಿನ್ಯಾಗಿನ ಮಂದಿ ಓಡಿ ಹೋಗಂಗಿಲ್ಲಪ್ಪಾ. ಕಣ್ಣ ಉರದ್ರೂ ಅಲ್ಲೇ ಕುಂದರಬೇಕು."

ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಒಮ್ಮೆ ವಾಲ್ವ್ ಬಿಚ್ಚುವಾಗ ಅಮೋನಿಯಾ ಅವನ ಮುಖಕ್ಕೇ ಬಡಿದಿತ್ತು. ಅರ್ಧ ದಿನ ಕಣ್ಣು ಕಾಣದೆ ಬಕೆಟ್ ನೀರಿನಲ್ಲಿ ಮುಖ ಅದ್ದಿಕೊಂಡು ಕೂತಿದ್ದನಂತೆ. ಮನೆಯಲ್ಲಿ ಅದನ್ನು ಒಂದೇ ಸಲ ಹೇಳಿದ್ದಾನೆ. ಕನ್ನಡಕ ಮತ್ತೆ ಏರಿಸಿ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡ.

"ತಗಿ ಯವ್ವಾ, ಒಂದೊಂದ ತೋರ್ಸು."

ಆ ಭಾನುವಾರ ನಾನು ಸಂತೆಗೆ ಹೋಗಲಿಲ್ಲ. ಪಟ್ಟೆ ಎಳೆದ ಬೆರಳಿನ ಗುರುತಿನಿಂದಲೇ ಅಪ್ಪ ಗಾಡಿಗಳನ್ನು ಹಿಡಿದ. ಈ ಗಿಡ್ಡ ಪಟ್ಟೆ ಉತ್ತೂರಿನವನದು, ಅವನ ನಡುಬೆರಳು ಮೊಂಡು. ಈ ಸೊಟ್ಟ ಪಟ್ಟೆ ದತ್ತವಾಡದವನದು, ಎಡಗೈಯಲ್ಲಿ ಎಳೀತಾನ. ಒಬ್ಬೊಬ್ಬರಿಗೂ ಫೋನು ಹಚ್ಚಿ, ಯಾವ ದಿನ ಸೇತುವೆ ದಾಟಿದೆ, ಏನು ತುಂಬಿತ್ತು ಎಂದು ಕೇಳಿದೆವು. ಅಪ್ಪ ಹೇಳಿದ ಒಂದು ಗಾಡಿಯೂ ತಪ್ಪಾಗಲಿಲ್ಲ. ಸಂಜೆಯ ಹೊತ್ತಿಗೆ ಮೂರು ವಾರದ ಹಾಲಿನ ಗಾಡಿಗಳಲ್ಲಿ ಮುಕ್ಕಾಲು ಪಾಲು ಅಮೋನಿಯಾ ಆಗಿದ್ದವು. ಇಂಥ ಪರೀಕ್ಷೆ ನಮ್ಮ ಯಾವ ಪ್ರಯೋಗಾಲಯದಲ್ಲೂ ನಾನು ನೋಡಿರಲಿಲ್ಲ. ಅವನ ಮಗಳಾಗಿದ್ದಕ್ಕೆ ಎದೆ ಉಬ್ಬಿತು. ಬಾಯಿಬಿಟ್ಟು ಹೇಳಲಿಲ್ಲ, ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕಿ ಕೊಟ್ಟೆ.

ಸೋಮವಾರ ತಪ್ಪು ನನ್ನದೆಂದು ಮೊದಲ ಸಾಲಿನಲ್ಲೇ ಬರೆದು, ತಿದ್ದಿದ ವರದಿಗೆ ಸಹಿ ಹಾಕಿದೆ. ಸಾಹೇಬರು ಮುಖ ಗಂಟಿಕ್ಕಿದರು, ಆದರೂ ಕಳಿಸಿದರು. ಆ ವಾರವೇ ಕೇಂದ್ರದಿಂದ ಉತ್ತರ ಬಂತು. ತಾಲೀಮು ನಿಲ್ಲಿಸುವುದಿಲ್ಲ, ಮೊದಲಿನಂತೆಯೇ ನಡೆಯುತ್ತದೆ ಎಂದಿತ್ತು. ಅದನ್ನು ಓದಿ ಹೇಳಿದಾಗ ಅಪ್ಪ ಹೂಂ ಅಂದನಷ್ಟೇ.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಮಾತ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟು ನಿಂತ. "ನಡಿ, ಇಚಲಕರಂಜಿಗೆ ಹೋಗೂಣು" ಎಂದ. ಅಮಾವಾಸ್ಯೆಗೆ ಗಾಡಿ ಹೊರಗೆ ಹೋಗುವುದಿಲ್ಲ, ಎಲ್ಲ ತೊಳೆಸಿಕೊಂಡು ಪೂಜೆಗೆ ನಿಂತಿರುತ್ತವೆ. ಯಾರ್ಡಿನಲ್ಲಿ ಅಪ್ಪನನ್ನು ಕಂಡದ್ದೇ "ಕಾಕಾ ಬಂದ್ರು, ಕಾಕಾ ಬಂದ್ರು" ಎಂದು ಡ್ರೈವರುಗಳೆಲ್ಲ ಸುತ್ತುಗಟ್ಟಿದರು. ಮೊದಲ ಪಟ್ಟೆ ಹಿರಿಯರ ಕೈಯಿಂದಲೇ ಆಗಲೆಂದು ಒಬ್ಬ ವಿಭೂತಿಯ ಬಟ್ಟಲು ಮುಂದೆ ಹಿಡಿದ.

ಅಪ್ಪ ಬಟ್ಟಲು ತೆಗೆದುಕೊಳ್ಳಲಿಲ್ಲ. ಹೆಗಲ ಟವೆಲ್ ತೆಗೆದು, ಡಬ್ಬಿಯಲ್ಲಿ ತಂದಿದ್ದ ಸೀಮೆಎಣ್ಣೆಗೆ ಅದ್ದಿ, ಮೊದಲನೆಯ ಟ್ಯಾಂಕರಿನ ಫಲಕ ಒರೆಸತೊಡಗಿದ. ಅವನೇ ಕಲಿಸಿದ ಪದ್ಧತಿ, ಅವನದೇ ಕೈ. ದಸರೆಯ ಹಳೆಯ ವಿಭೂತಿ ಕೆಸರಾಗಿ ಇಳಿದು ಒಂದೊಂದೇ ಅಂಕಿ ಕಾಣಿಸಿತು. ಕಡೆಗೆ ಉತ್ತೂರಿನವನೇ ಅಂಜುತ್ತ ಕೇಳಿದ.

"ಕಾಕಾ, ದೇವರನ್ನ ಒರಸಬೌದೇನ್ರಿ?"

ಅಪ್ಪ ತಿರುಗಿ ನೋಡದೆಯೇ ಹೇಳಿದ.

"ಬಾನೆಟ್ಟಿಗೆ ಹಚ್ಚೋ, ಬಾಗಿಲಿಗೆ ಹಚ್ಚೋ, ದೇವರು ಎಲ್ಲಿದ್ರೂ ಕಾಯ್ತಾನ. ಈ ಬೋರ್ಡ ನನ್ನ ಮಗಳು ಓದೂದೈತಿ."