‘ಆ ಪುಟ ತೆಗೆದು ತೋರಿಸು’ ಎನ್ನುವ ಜಯಂತಿ

ಬೆಳಗಿನ ಆರೂವರೆ. ಕೋಲ್ಕತ್ತಾದ ಬೆಹಾಲಾ ದಾಟಿದ ಮೇಲೆ ಸಿಗುವ ಒಂದು ಎಂಜಿನಿಯರಿಂಗ್ ಕಾಲೇಜಿನ ಗೇಟು ಇನ್ನೂ ಅರ್ಧವೇ ತೆರೆದಿದೆ. ಗ್ರಂಥಾಲಯದೊಳಗೆ ಜಯಂತಿ ಐತಾಳರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಳಸಾಲಿನ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಮೇಜಿನ ಮೇಲೆ ನಿಲ್ಲಿಸುತ್ತಿದ್ದಾರೆ. ಹಾಳೆಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳಬೇಕು, ಮೇಲೆ ಫ್ಯಾನು ಮೆಲ್ಲಗೆ ತಿರುಗಬೇಕು. ಮಳೆ ಹಿಡಿದರೆ ಈ ಊರಿನ ಗಾಳಿಯನ್ನು ಹಿಂಡಿದರೂ ನೀರು ಬರುತ್ತದೆ. ಹಪ್ಪಳ ಒಣಹಾಕಿದಷ್ಟೇ ಜತನದಿಂದ ಅವರು ದಿನಾ ಒಂದಿಷ್ಟು ಪುಸ್ತಕಗಳಿಗೆ ಗಾಳಿ ಕಾಣಿಸುತ್ತಾರೆ.

ಹೊರಗೆ ಮೆಟ್ಟಿಲ ಮೇಲೆ ನಾಲ್ಕಾರು ವಿದ್ಯಾರ್ಥಿಗಳು ಆಗಲೇ ಬಂದು ಕೂತಿದ್ದಾರೆ. ಕಣ್ಣಲ್ಲಿ ನಿದ್ದೆ, ಮಡಿಲಲ್ಲಿ ಲ್ಯಾಪ್‌ಟಾಪ್. ಕಡೆಯ ವರ್ಷದ ಪ್ರಾಜೆಕ್ಟ್ ವರದಿ ವಿಭಾಗಕ್ಕೆ ಹೋಗುವ ಮೊದಲು ಜಯಂತಿಯವರ ಮೇಜನ್ನು ದಾಟಬೇಕು. ಬರೆದದ್ದರಲ್ಲಿ ಎಷ್ಟು ಪಾಲು ಬೇರೆಯವರ ಬರವಣಿಗೆಯನ್ನು ಹೋಲುತ್ತದೆ ಎಂದು ಅಲ್ಲಿನ ಕಂಪ್ಯೂಟರು ಶೇಕಡಾವಾರು ಹೇಳುತ್ತದೆ. ಮಿತಿಯೊಳಗಿದ್ದರೆ ಸೀಲು, ಮೀರಿದರೆ ವಾಪಸು. ಬೆಳಗಿನ ಹೊತ್ತು ಇಂಟರ್ನೆಟ್ ಚುರುಕಾಗಿರುತ್ತದೆ, ಅದಕ್ಕೇ ಸಲ್ಲಿಕೆಯ ವಾರಗಳಲ್ಲಿ ಅವರು ಮೊದಲ ಆಟೋ ಹಿಡಿದು ಬರುತ್ತಾರೆ.

ಸಹಾಯಕ ಗ್ರಂಥಪಾಲಕಿ ಎಂಬುದು ಹುದ್ದೆಯ ಹೆಸರು. ಹುಡುಗರು ಇಟ್ಟ ಹೆಸರು ‘ಪಾತಾ ದೀ’. ಬಂಗಾಳಿಯಲ್ಲಿ ಪಾತಾ ಎಂದರೆ ಪುಟ, ದೀ ಎಂದರೆ ಅಕ್ಕ. ಆ ಹೆಸರು ಪ್ರೀತಿಯಿಂದ ಬಂದದ್ದೇನಲ್ಲ. ಕಂಪ್ಯೂಟರು ಪಾಸು ಅಂದ ಮೇಲೂ ಜಯಂತಿಯವರದು ಒಂದು ತಕರಾರು ಉಳಿದಿರುತ್ತದೆ. ವರದಿಯ ಕೊನೆಯ ಆಕರಪಟ್ಟಿಯಲ್ಲಿ ಕಣ್ಣಾಡಿಸಿ, ತಮ್ಮ ಗ್ರಂಥಾಲಯದಲ್ಲೇ ಇರುವ ಒಂದು ಪುಸ್ತಕದ ಮೇಲೆ ಬೆರಳಿಡುತ್ತಾರೆ. “ಇದನ್ನು ತಗೊಂಡು ಬಾ. ನೀನು ಪಟ್ಟಿಯಲ್ಲಿ ಬರೆದ ಆ ಪುಟ ತೆಗೆದು ತೋರಿಸು.” ಅಷ್ಟೇ. ಇಂಥದೊಂದು ನಿಯಮ ಕಾಲೇಜಿನಲ್ಲಿಲ್ಲ, ಅದು ಅವರಿಗೂ ಗೊತ್ತು.

“ಕಂಪ್ಯೂಟರ್ ಪದ ಪದ ಹೋಲಿಸ್ತದೆ. ಪುಸ್ತಕ ತೆಗೆದು ನೋಡ್ಲಿಕ್ಕೆ ಅದಕ್ಕೆ ಕೈ ಉಂಟಾ?” ಎಂದು ಕೇಳುತ್ತಾರೆ.

ಕೈ ಇಲ್ಲದ ಕಂಪ್ಯೂಟರನ್ನು ಏಮಾರಿಸುವುದು ಹುಡುಗರಿಗೆ ನೀರು ಕುಡಿದಷ್ಟು ಸುಲಭ. ಒಬ್ಬ ಮಹಾಶಯ ಕದ್ದ ಅಧ್ಯಾಯವನ್ನು ಪದ ಬದಲಿಸಿಕೊಡುವ ಯಾವುದೋ ಆ್ಯಪಿಗೆ ಉಣಿಸಿದ್ದ. ಕಟ್ಟಡದ ಸ್ವಂತ ತೂಕಕ್ಕೆ ಎಂಜಿನಿಯರುಗಳು ‘ಡೆಡ್ ಲೋಡ್’ ಎನ್ನುತ್ತಾರಲ್ಲ, ಅದು ವರದಿಯ ತುಂಬ ‘ದಿವಂಗತ ಹೊರೆ’ ಎಂಬ ಅರ್ಥದ ಇಂಗ್ಲಿಷಾಗಿತ್ತು. ಶೇಕಡಾವಾರು ಮಾತ್ರ ಚಿನ್ನದಂತಿತ್ತು. “ಯಾರು ತೀರಿಹೋದದ್ದು ಮಾರಾಯಾ, ಹೇಳು, ಬಂದು ಮಾತಾಡಿಸಿ ಹೋಗ್ತೇನೆ ಅಂದೆ. ಅವನೇ ನಕ್ಕುಬಿಟ್ಟ. ನಕ್ಕ ಮೇಲೆ ಕೂತು ಪುನಃ ಬರೆದ.”

ಜಯಂತಿ ಉಡುಪಿ ಜಿಲ್ಲೆಯ ಕೋಟದ ಕಡೆಯವರು. ಪತಿ ನಿತ್ಯಾನಂದ ಬ್ಯಾಂಕಿನಲ್ಲಿದ್ದಾರೆ. ವರ್ಗವಾಗಿ ಬಂದವರು ಮೊದಲು ಡಮ್ ಡಮ್‌ನ ಬಾಡಿಗೆ ಮನೆಯಲ್ಲಿದ್ದು, ಆಮೇಲೆ ಬೆಹಾಲಾದಲ್ಲಿ ಫ್ಲ್ಯಾಟು ಮಾಡಿಕೊಂಡರು. ಮಗಳು ಶಾಲೆಗೆ ಹೋಗತೊಡಗಿದಾಗ ಜಯಂತಿ ಅಂಚೆಯ ಮೂಲಕ ಗ್ರಂಥಾಲಯ ವಿಜ್ಞಾನ ಓದಿದರು. ಒಂದು ಕೈ ಕುಕ್ಕರಿನ ಮೇಲೆ, ಒಂದು ಕೈ ಪುಸ್ತಕದ ಮೇಲೆ. ಕೆಲಸವೇನೋ ಸಿಕ್ಕಿತು, ಆದರೆ ತಾತ್ಕಾಲಿಕ. ಪ್ರತಿ ವರ್ಷ ಬೇಸಿಗೆ ಬಂತೆಂದರೆ ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬ ಚಿಂತೆ. ಖಾಯಂ ಆಗುವ ಹೊತ್ತಿಗೆ ಮಗಳು ಅಮ್ಮನ ಎತ್ತರ ಬೆಳೆದಿದ್ದಳು. “ಇವಳು ಮನೆಯಲ್ಲೂ ಹಾಗೇ. ವಾಟ್ಸಾಪಿನಲ್ಲಿ ಬಂದದ್ದು ಏನಾದರೂ ಹೇಳಿದ್ರೆ ‘ಎಲ್ಲಿ ಓದಿದ್ರಿ’ ಅಂತಾಳೆ. ನಾನು ಈಗ ಹೇಳುವುದನ್ನೇ ಬಿಟ್ಟಿದ್ದೇನೆ” ಎನ್ನುತ್ತಾರೆ ನಿತ್ಯಾನಂದ.

ಮೊದಮೊದಲು ಅವರು ಆಕರ ಕೊಡುವ ಕ್ರಮವನ್ನು ಹಲಗೆಯ ಮೇಲೆ ಬರೆದು ಪಾಠ ಮಾಡುತ್ತಿದ್ದರು. ಲೇಖಕರ ಹೆಸರು, ವರ್ಷ, ಪುಟ, ಅಲ್ಪವಿರಾಮ. ಅರ್ಧ ತರಗತಿ ಮೊಬೈಲಿನಲ್ಲಿ, ಇನ್ನರ್ಧ ನಿದ್ದೆಯಲ್ಲಿ. ಒಂದು ದಿನ ಬೇಸತ್ತು ಚೀಲದಿಂದ ಊಟದ ಸ್ಟೀಲು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕನ್ನಡದಲ್ಲಿ ಒಂದು ಹೆಸರು ಕೊರೆದಿತ್ತು. ನಮ್ಮ ಕಡೆ ಪಾತ್ರೆಗೆ ಹೆಸರು ಹಾಕಿಸದ ಮನೆ ಯಾವುದು? ಹತ್ತು ಮನೆಯ ಪಾತ್ರೆಗಳು ಒಂದು ಊಟದಲ್ಲಿ ಸೇರಿದರೂ ಸಂಜೆಗೆ ಅವವು ಅವರವರ ಮನೆಗೆ ಮರಳಬೇಕಲ್ಲ.

“ಅತ್ತೆಯ ಹೆಸರು ಅದು. ಪಾತ್ರೆ ಅತ್ತೆಯದ್ದು, ಒಳಗಿನ ಸಾರು ನನ್ನದು. ಎರಡನ್ನೂ ಹೇಳಿದ್ರೆ ಯಾರಿಗೂ ಬೇಜಾರಿಲ್ಲ. ಬೇರೆಯವರ ಪಾತ್ರೆಯಲ್ಲಿ ಬಡಿಸಿದ್ರೆ ಮಾನ ಹೋಗುದಿಲ್ಲ. ಹೆಸರು ಉಜ್ಜಿ ತೆಗೆದ್ರೆ ಹೋಗ್ತದೆ” ಎಂದರು. ಅಂದು ತರಗತಿ ಎಚ್ಚರವಿತ್ತು. ಸಾರಿನ ರುಚಿಯನ್ನೂ ಕೇಳಿತು.

ಕಳೆದ ವರ್ಷ ಈ ಪಾಠ ಇಲ್ಲಿನ ಕನ್ನಡ ಸಂಘದ, ಅವರದೇ ಬಳಗದ ಒಂದು ಮನೆಗೆ ತಟ್ಟಿತು. ಸಿಯಾಲ್ದಾದ ಹತ್ತಿರ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಬ್ಬಳ್ಳಿ ಕಡೆಯ ಜಾನಕಿಯವರ ಸಂಸಾರವಿದೆ. ಅವರ ಮಗಳು ಶ್ರೀರಕ್ಷಾ ಇದೇ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಕಡೆಯ ವರ್ಷದಲ್ಲಿದ್ದಳು. ಒಂದು ಮಳೆಗೇ ಮೊಣಕಾಲುದ್ದ ನೀರು ನಿಲ್ಲುವ ಬೆಹಾಲಾದ ಗಲ್ಲಿಯೊಂದಕ್ಕೆ ಚರಂಡಿ ವಿನ್ಯಾಸ ಮಾಡುವುದು ಅವಳ ಪ್ರಾಜೆಕ್ಟು. ಜಲಸಂಪನ್ಮೂಲದ ಎಂ.ಟೆಕ್‌ಗೆ ಸೀಟೂ ಸಿಕ್ಕಿತ್ತು. ಶುಕ್ರವಾರದೊಳಗೆ ವರದಿ ಕೊಟ್ಟು ಮೌಖಿಕ ಪರೀಕ್ಷೆಗೆ ಕೂರಬೇಕು. ತಪ್ಪಿದರೆ ಆರು ತಿಂಗಳು ಕಾಯಬೇಕು, ಸೀಟು ಕೈಬಿಟ್ಟು ಹೋಗುತ್ತದೆ.

ಬುಧವಾರ ಬೆಳಿಗ್ಗೆ ಅವಳ ವರದಿ ಶೇಕಡಾ ಎಂಟು ಹೋಲಿಕೆ ತೋರಿಸಿ ಸಲೀಸಾಗಿ ಪಾಸಾಯಿತು. ಜಯಂತಿಯವರ ಬೆರಳು ಒಂದು ಹಳೆಯ ಚರಂಡಿ ಕೈಪಿಡಿಯ ಮೇಲೆ ನಿಂತಿತು. ಪುಟ ಇನ್ನೂರ ಹದಿನಾಲ್ಕು. ಸುರಿದ ಮಳೆಯಲ್ಲಿ ಎಷ್ಟು ಪಾಲು ನೆಲಕ್ಕೆ ಇಂಗದೆ ಚರಂಡಿಗೆ ಬರುತ್ತದೆ ಎಂಬ ಅಂಕಿಯನ್ನು ಶ್ರೀರಕ್ಷಾ ಅಲ್ಲಿಂದ ತೆಗೆದುಕೊಂಡಂತೆ ಬರೆದಿದ್ದಳು. ಶೇಕಡಾ ಅರವತ್ತೆರಡು. ಚರಂಡಿಯ ಅಗಲವೆಲ್ಲ ಆ ಅಂಕಿಯ ಮೇಲೆ ನಿಂತಿತ್ತು.

ಶ್ರೀರಕ್ಷಾ ಪುಸ್ತಕ ತಂದು ತೆರೆಯಹೋದಳು. ಮುಕ್ಕಾಲು ಭಾಗದವರೆಗೆ ತೆರೆಯಿತು. ಅಲ್ಲಿಂದಾಚೆ ಇಟ್ಟಿಗೆ. ಹಿಂದೊಂದು ಮಳೆಗಾಲ ನೆಲಮಹಡಿಗೆ ನೀರು ನುಗ್ಗಿದಾಗ ನೆಂದು, ಒಣಗಿ, ಹಾಳೆಗೆ ಹಾಳೆ ಕಚ್ಚಿಕೊಂಡಿತ್ತು. ಚರಂಡಿಯ ಪುಸ್ತಕವೇ ನೀರಲ್ಲಿ ಮುಳುಗಿತ್ತು ನೋಡಿ.

“ಆಂಟಿ, ನಾ ಸೀನಿಯರ್ ರಿಪೋರ್ಟಿಂದ ತಗೊಂಡೆ. ಎವ್ರಿ ಇಯರ್ ಎಲ್ಲಾರೂ ಇದನ್ನ ಬರೀತಾರ” ಎಂದಳು ಸಣ್ಣ ದನಿಯಲ್ಲಿ.

ಅದು ನಿಜವೇ ಆಗಿತ್ತು. ಕಪಾಟಿನಿಂದ ಹಳೆಯ ವರದಿಗಳನ್ನು ಇಳಿಸಿ ನೋಡಿದರೆ ಎಲ್ಲದರಲ್ಲೂ ಅದೇ ಅಂಕಿ, ಅದೇ ಪುಟ. ಎಲ್ಲದರ ಮೇಲೂ ಜಯಂತಿಯವರದೇ ಸೀಲು. ಒಂದು ವರದಿಗೆ ಒಂದೇ ಪುಸ್ತಕ ಕೇಳುವ ಅವರ ಬೆರಳು ಅಷ್ಟು ವರ್ಷ ಈ ಪುಸ್ತಕದ ಮೇಲೆ ಬಿದ್ದಿರಲಿಲ್ಲ. “ಅಂಟಿಹೋದ ಪುಟವನ್ನು ಇಷ್ಟು ಜನ ಓದಿದ್ದಾರೆ ಅಂತ ಸೀಲ್ ಒತ್ತಿದವಳು ನಾನೇ ಅಲ್ವಾ” ಎನ್ನುವಾಗ ಅವರು ದನಿ ತಗ್ಗಿಸುವುದಿಲ್ಲ. ಶ್ರೀರಕ್ಷಾಗೆ ಹೇಳಿದರು: “ರೂಲ್ ಪ್ರಕಾರ ನಾನು ಸೀಲ್ ಹಾಕ್ಬೇಕು, ಹಾಕ್ತೇನೆ. ಪುಟ ನೋಡಿ ಹಾಕುವ, ಆಗದಾ? ನಾಳೆ ಬೆಳಿಗ್ಗೆ ಬಾ.”

ಸಂಜೆ ಜಾನಕಿಯವರ ಫೋನು. “ಏನ್ರೀ ಜಯಂತಿ ಅವರ, ಮಷೀನ್ ಪಾಸ್ ಅಂದದ, ನೀವ್ಯಾಕ ಅಡ್ಡ ನಿಂತೀರಿ? ಪುಸ್ತಕಾನ ನೀವ ನೀರಾಗ ತೋಯಿಸಿ, ಈಗ ನಮ್ಮ ಹುಡುಗಿಗೆ ಪುಟ ತೆಗಿ ಅಂದ್ರ ಹೆಂಗ್ರಿ?”

“ಜಾನಕಿಯವ್ರೇ, ಸಂಘದ ಯುಗಾದಿ ಊಟದ ದಿನ ನಿಮ್ಮ ಎಣಗಾಯಿ ಪಾತ್ರೆ ಬೇರೆ ಯಾರೋ ತಗೊಂಡು ಹೋದ್ರು ಅಂತ ಮೂರು ಮನೆಗೆ ಫೋನ್ ಮಾಡಿದ್ದು ನೆನಪುಂಟಾ?”

“ಅದು ನಮ್ಮವ್ವನ ಪಾತ್ರೀರೀ! ಮ್ಯಾಲೆ ಹೆಸರು ಅದ!”

“ಹಾಂ. ಈ ಅಂಕಿಯೂ ಯಾರದ್ದೋ ಅವ್ವಂದು. ಯಾರದ್ದು ಅಂತ ನೋಡುವ.”

“ಸೀಟು ಹೋದ್ರ ನೋಡ್ರಿ ಮತ್ತ. ಯುಗಾದಿಗೆ ನಿಮಗ ಎಣಗಾಯಿ ಇಲ್ಲ” ಎಂದು ಜಾನಕಿ ಫೋನಿಟ್ಟರು.

ಅಂಟಿದ ಹಾಳೆಗಳನ್ನು ಬಲವಂತ ಮಾಡಿದರೆ ಹರಿಯುತ್ತವೆ. ಜಯಂತಿ ಆ ಬುಧವಾರ ಮನೆಗೆ ಹೊರಡುವ ಮೊದಲೇ ಪುಸ್ತಕವನ್ನು ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟು ಮುಚ್ಚಿದ್ದರು. ತೇವದ ಗಾಳಿಗೆ ಅಂಟು ಸಡಿಲವಾಗುತ್ತದೆ. ಮರುದಿನ ಬೆಳಿಗ್ಗೆ ತೆಳ್ಳಗೆ ಹೆರೆದ ಬಿದಿರಿನ ಕಡ್ಡಿಯನ್ನು ಅಂಚಿನಿಂದ ತೂರಿಸಿ, ಒಂದೊಂದೇ ಹಾಳೆ ಬಿಡಿಸುತ್ತ ಬಂದರು. ಬಿಡಿಸಿದ ಹಾಳೆಗಳ ನಡುವೆ ತೇವ ಹೀರುವ ಒತ್ತುಕಾಗದ ಇಡುವುದು ಶ್ರೀರಕ್ಷಾಳ ಪಾಲು. ಎಲ್ಲಿ ಕಲಿತಿರಿ ಆಂಟಿ ಎಂದು ಅವಳು ಕೇಳಿದಳು. “ಇದು ನನ್ನ ವಿದ್ಯೆ ಅಲ್ಲ. ಸಿಯಾಲ್ದಾದಲ್ಲಿ, ನಿಮ್ಮ ಮನೆಯ ಹತ್ತಿರವೇ ಬೈಂಡಿಂಗ್ ಮಾಡ್ತಿದ್ದ ಇದ್ರಿಸ್ ಮಿಯಾ ಹೇಳಿಕೊಟ್ಟದ್ದು. ಈಗ ಅವರಿಲ್ಲ.”

ಬಿಸಿಲೇರುವ ಹೊತ್ತಿಗೆ ಇನ್ನೂರ ಹದಿನಾಲ್ಕನೆಯ ಪುಟ ಬಿಚ್ಚಿಕೊಂಡಿತು.

ಪುಟದ ತುಂಬ ಒಂದು ಚಿತ್ರ. ಇಟ್ಟಿಗೆಯ ಪಂಪ್‌ಹೌಸು, ಅದರ ಮುಂದೆ ಕೊಡೆ ಹಿಡಿದು ನಿಂತ ಇಬ್ಬರು ಗಂಡಸರು. ಅಂಕಿಯಿಲ್ಲ, ಕೋಷ್ಟಕವಿಲ್ಲ. ಎದುರಿನ ಪುಟದಲ್ಲಿ ಪಂಪಿನ ವಿವರ. ಆಗಷ್ಟೇ ಬಿಡಿಸಿದ ಪುಟಗಳಲ್ಲೂ ಅರವತ್ತೆರಡರ ಸುಳಿವಿಲ್ಲ. ಶ್ರೀರಕ್ಷಾ ಮೊದಲು ನಕ್ಕಳು. ನಗು ನಿಂತ ಮೇಲೆ ಮುಖ ಸಪ್ಪಗಾಯಿತು. “ಈಗೇನ್ ಮಾಡ್ಲಿ ಆಂಟಿ? ನಾಳೆ ಸಬ್ಮಿಷನ್.”

“ಬೇರೆ ಆವೃತ್ತಿಯಲ್ಲಿ ಇತ್ತೋ ಏನೋ. ಸುಳ್ಳು ಅಂತ ಹೇಳ್ಲಿಕ್ಕೆ ನಾನು ಯಾರು?” ಎಂದರು ಜಯಂತಿ. “ಊಟ ಮುಗಿದ ಮೇಲೆ ಹೆಸರಿಲ್ಲದ ಪಾತ್ರೆ ಒಂದು ಉಳಿದ್ರೆ ಸಂಘದಲ್ಲಿ ಎಂತ ಮಾಡ್ತೇವೆ? ಯಾರೂ ಚೀಲಕ್ಕೆ ಹಾಕಿಕೊಳ್ಳುದಿಲ್ಲ. ಬಾಗಿಲ ಹತ್ತಿರ ಎಲ್ಲರಿಗೂ ಕಾಣುವ ಹಾಗೆ ಇಡ್ತೇವೆ. ನೀನೂ ಹಾಗೇ ಇಡು. ಅಡುಗೆಗೆ ಬೇರೆ ಪಾತ್ರೆ ಹುಡುಕುವ.”

ಅವಳ ಮಾರ್ಗದರ್ಶಕರು ಪ್ರೊಫೆಸರ್ ಬಸು. ಶ್ರೀರಕ್ಷಾ ಪುಸ್ತಕವನ್ನು ಎತ್ತಿಕೊಂಡೇ ಅವರ ಕೋಣೆಗೆ ಹೋದಳು. ಅವರು ಕನ್ನಡಕ ಏರಿಸಿ ಕೊಡೆಯ ಗಂಡಸರನ್ನು ಬಹಳ ಹೊತ್ತು ನೋಡಿದರಂತೆ. “ಇಷ್ಟು ವರ್ಷ ಈ ಅಂಕಿಗೆ ಸಹಿ ಹಾಕಿದ್ದೇನೆ, ಇವರನ್ನು ಇವತ್ತೇ ನೋಡುತ್ತಿರುವುದು” ಎಂದವರು ಈಗ ಬಳಕೆಯಲ್ಲಿರುವ ಒಂದು ಕೈಪಿಡಿಯನ್ನು ತಾವೇ ತಂದು ಅವಳ ಮುಂದಿಟ್ಟರು. “ನಾಳೆ ಸಂಜೆಯವರೆಗೂ ನಾನಿಲ್ಲೇ ಇರುತ್ತೇನೆ.” ಸಿಮೆಂಟು ಬಳಿದ ಗಲ್ಲಿಯಲ್ಲಿ ನೀರು ಇಂಗುವುದು ಕಡಿಮೆ. ಹೊಸ ಅಂಕಿ ಹಳೆಯದಕ್ಕಿಂತ ದೊಡ್ಡದಾಗಿಯೇ ಬಂತು. ಲೆಕ್ಕ ಮತ್ತೆ ಮಾಡಿದಾಗ ಚರಂಡಿಯೂ ಅಗಲವಾಯಿತು. ಹಳೆಯ ಅಳತೆಯಲ್ಲೇ ಕಟ್ಟಿದ್ದರೆ ಜೋರು ಮಳೆಗೆ ನೀರು ಹೊಸ್ತಿಲು ದಾಟುತ್ತಿತ್ತು.

ಶುಕ್ರವಾರ ಸಂಜೆ ಶ್ರೀರಕ್ಷಾ ಹೊಸ ಕೈಪಿಡಿ ತಂದು, ಕೇಳುವ ಮೊದಲೇ ಪುಟ ತೆಗೆದು ತೋರಿಸಿದಳು. ಸೀಲು ಬಿತ್ತು. ನಕ್ಷೆಗಳನ್ನೆಲ್ಲ ಮತ್ತೆ ಬರೆಯಲು ಹೊತ್ತು ಸಾಲಲಿಲ್ಲ. ನಕ್ಷೆ ಹಳೆಯ ಅಳತೆಯದು, ಹಳೆಯ ಅಂಕಿಯ ಮೂಲ ಸಿಗಲಿಲ್ಲ, ಆ ಪುಟದಲ್ಲಿರುವುದು ಪಂಪ್‌ಹೌಸಿನ ಚಿತ್ರ ಎಂದು ವರದಿಯಲ್ಲೇ ಬರೆದಳು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಬೇರೆಲ್ಲ ಬಿಟ್ಟು ಆ ಸಾಲುಗಳನ್ನೇ ಹಿಡಿದು ಕೇಳಿದರು. ನಕ್ಷೆಗೆ ಒಂದಿಷ್ಟು ಅಂಕ ಕಡಿಮೆಯಾಯಿತು, ಸೀಟು ಉಳಿಯಿತು. ಈ ಯುಗಾದಿಗೆ ಎಣಗಾಯಿಯೂ ಬಂತು. ಬಡಿಸುತ್ತ ಜಾನಕಿ, “ಇದು ನಮ್ಮವ್ವನ ಕೈಯಾಗ ಕಲ್ತದ್ರೀ. ಹೇಳೀನಿ ನೋಡ್ರಿ, ಆಮ್ಯಾಲ ನೀವು ಪುಟ ತೆಗಿ ಅನ್ನಬ್ಯಾಡ್ರಿ” ಎಂದರಂತೆ.

ಎಂಟು ಗಂಟೆ. ಮೆಟ್ಟಿಲ ಮೇಲಿದ್ದವರೆಲ್ಲ ಈಗ ಒಳಗೆ ಬಂದಿದ್ದಾರೆ. ಒಬ್ಬ ಹುಡುಗಿ ಕಪಾಟಿನ ಮುಂದೆ ಬಗ್ಗಿ ಪುಸ್ತಕ ಹುಡುಕುತ್ತಿದ್ದಾಳೆ. ಜಯಂತಿ ಶ್ರೀರಕ್ಷಾಳ ವರದಿಯನ್ನು ತೆಗೆದು ಕೃತಜ್ಞತೆಯ ಪುಟ ತೋರಿಸುತ್ತಾರೆ. ಬಸು ಅವರ ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು: ಅಂಟಿದ ಪುಟ ಬಿಡಿಸುವ ವಿದ್ಯೆ, ಸಿಯಾಲ್ದಾದ ಬೈಂಡರ್ ಇದ್ರಿಸ್ ಮಿಯಾ ಅವರದು. ಬಿಡಿಸಿಕೊಟ್ಟವರು ಜಯಂತಿ ಐತಾಳ.

“ಇದ್ರಿಸ್ ಮಿಯಾ ಎಷ್ಟು ಜನರ ಥೀಸಿಸ್ ಕಟ್ಟಿದ್ದಾರೋ” ಎನ್ನುತ್ತಾರೆ, ಆ ಹೆಸರಿನ ಮೇಲೆ ಬೆರಳಾಡಿಸಿ. “ಒಳಗೆ ಹೆಸರು ಬಂದದ್ದು ಇದೊಂದರಲ್ಲೇ ಇರ್ಬೇಕು.”

ಚರಂಡಿಯ ಕೈಪಿಡಿಯೂ ಇವತ್ತಿನ ಗಾಳಿಗೆ ಮೇಜಿನ ಮೇಲೆ ನಿಂತಿದೆ. ಕೊಡೆ ಹಿಡಿದ ಇಬ್ಬರ ತನಕ ಬೀಸಣಿಗೆ, ಅದರಾಚೆ ಇಟ್ಟಿಗೆ. ಉಳಿದದ್ದನ್ನೂ ಬಿಡಿಸಿಬಿಡಬಾರದೇ ಎಂದರೆ ತಲೆಯಾಡಿಸುತ್ತಾರೆ.

“ಸುಮ್ಮನೆ ಬಿಡಿಸಿಡ್ಲಿಕ್ಕೆ ನನಗೆ ಮನಸ್ಸಿಲ್ಲ. ಯಾರಾದ್ರೂ ಒಬ್ರು ಬಂದು ಮುಂದಿನ ಪುಟ ಓದ್ಬೇಕು ಅಂತ ಕೇಳ್ಲಿ. ಅಷ್ಟೇ ಆಸೆ. ಕೇಳಿದ್ರೆ ಮರುದಿನ ಬೆಳಿಗ್ಗೆ ಬಿಡಿಸಿ ಕೊಡ್ತೇನೆ.”