ಅಜ್ಜಿ ಕುಡಿದ ತೀರ್ಥ

ಹಳೇಬೀಡಿನ ಗುಡಿಯ ಎದುರಿನ ಅಂಗಡಿಸಾಲಿನಲ್ಲಿ ಈಚೆಗೆ ಹೊಸ ಸಾಮಾನೊಂದು ಬಂದಿದೆ, ನೀವೂ ನೋಡಿರಬಹುದು. ತೆಂಗಿನ ಕರಟವನ್ನು ಉಜ್ಜಿ, ಎಣ್ಣೆ ಹಚ್ಚಿ, ಮಿರಮಿರ ಹೊಳೆಯುವ ಬಟ್ಟಲು ಮಾಡಿ ಸಾಲಾಗಿ ಜೋಡಿಸಿರುತ್ತಾರೆ. ಮೊನ್ನೆ ನೆಂಟರಿಗೆ ಗುಡಿ ತೋರಿಸಲು ಹೋಗಿದ್ದೆ. ಅಂಗಡಿಯವನು, "ತಗೊಳ್ಳಿ ಮೇಡಂ, ಇದ್ರಲ್ಲಿ ನೀರು ಕುಡಿದ್ರೆ ಮೈಗೆ ತಂಪು" ಎಂದು ಒಂದು ಬಟ್ಟಲನ್ನು ನನ್ನ ಕೈಗೇ ಇಟ್ಟುಬಿಟ್ಟ. ಕಾದ ಬಾಣಲೆ ಮುಟ್ಟಿದವಳ ಹಾಗೆ ನಾನು ಕೈ ಎಳೆದುಕೊಂಡೆ. ಬಟ್ಟಲು ಕಲ್ಲುಹಾಸಿನ ಮೇಲೆ ಬಿದ್ದು ಉರುಳಿಕೊಂಡು ಹೋಯಿತು. ನೆಂಟರು, "ಯಾಕೆ, ಜಿರಲೆ ಇತ್ತಾ?" ಎಂದರು. ಹೌದು ಎಂದೆ. ಈ ವಯಸ್ಸಿನಲ್ಲಿ ಕರಟಕ್ಕೆ ಹೆದರಿದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ನಾನು ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯ ಮಗಳು. ನಮ್ಮ ಮನೆಯಲ್ಲಿ ಕರಟಕ್ಕೆ ಬರವೇ ಇರಲಿಲ್ಲ. ನೀರೊಲೆಗೆ ಕರಟ, ಇಸ್ತ್ರಿಪೆಟ್ಟಿಗೆಗೆ ಕರಟದ ಇದ್ದಿಲು, ನಾವು ಮಕ್ಕಳು ಆಟದ ಅಡುಗೆ ಮಾಡುತ್ತಿದ್ದದ್ದೂ ಕರಟದಲ್ಲೇ. ಇನ್ನೊಂದು ಉಪಯೋಗವೂ ಇತ್ತು. ಹಿತ್ತಿಲ ಅಂಗಳದಲ್ಲಿ ಕಾಯಿ ಸುಲಿಯುವ ಆಳುಗಳಿಗಾಗಿ ಕೊಟ್ಟಿಗೆಯ ಸೂರಿನಲ್ಲಿ ಕೆಲವು ಕರಟಗಳನ್ನು ಸಿಕ್ಕಿಸಿರುತ್ತಿದ್ದರು. ಕಾಫಿಯ ಹೊತ್ತಿಗೆ ಅವರವರ ಕರಟ ಅವರವರೇ ತೆಗೆದು ಒಡ್ಡಬೇಕು, ಅಜ್ಜಿ ಮೇಲಿನಿಂದ ಸುರಿಯುತ್ತಾಳೆ, ಕುಡಿದು ತೊಳೆದು ಮತ್ತೆ ಸೂರಿಗೇ ಸಿಕ್ಕಿಸಬೇಕು. ಎಲ್ಲ ಆಳುಗಳಿಗೂ ಹಾಗಲ್ಲ. ಕೆಲವರಿಗೆ ಲೋಟ, ಕೆಲವರಿಗೆ ಕರಟ. ಯಾರಿಗೆ ಯಾವುದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಕ್ಷರ ಬರುವ ಮೊದಲೇ ಅದು ಬರುತ್ತಿತ್ತು.

ಕರಟದವರಲ್ಲಿ ಇನ್ನಾಸಪ್ಪ ಒಬ್ಬ. ಅವನ ತಾತನ ಕಾಲಕ್ಕೇ ಅವರ ಮನೆಯವರು ಕ್ರೈಸ್ತರಾಗಿದ್ದರು. ಆದರೆ ನಮ್ಮ ಅಜ್ಜಿಯ ಪ್ರಕಾರ ದೇವರು ಬದಲಾದರೂ ಕೇರಿ ಬದಲಾಗಿರಲಿಲ್ಲ. ಅವನ ಹೆಂಡತಿ ಲೂರ್ದಮ್ಮ ನಮ್ಮ ಅಂಗಳ ಗುಡಿಸುತ್ತಿದ್ದಳು. ನಾನು ಹೈಸ್ಕೂಲಿನಲ್ಲಿದ್ದಾಗ ಅವಳು ಜ್ವರ ಬಂದು ತೀರಿಕೊಂಡಳು. ಅವಳ ಕರಟವನ್ನು ಯಾರೂ ತೆಗೆದು ಬಿಸಾಡಲಿಲ್ಲ, ಸೂರಿನಲ್ಲೇ ಜೇಡರ ಬಲೆ ಕಟ್ಟಿಕೊಂಡು ಉಳಿದಿತ್ತು.

ನಾನು ಏನು ಕಡಿಮೆ ಇರಲಿಲ್ಲ ಬಿಡಿ. ತೊಂಬತ್ತರ ದಶಕದ ಕೊನೆ, ಪಿಯುಸಿ ಓದುತ್ತಿದ್ದೆ, ಕಾಲೇಜಿನಲ್ಲಿ ಸಮಾನತೆಯ ಮೇಲೆ ಭಾಷಣ ಮಾಡಿ ಬಹುಮಾನವಾಗಿ ಸ್ಟೀಲ್ ಡಬ್ಬಿ ಗೆದ್ದಿದ್ದೆ. ಅಜ್ಜಿ ಅದರಲ್ಲಿ ವಿಭೂತಿಗಟ್ಟಿ ಇಟ್ಟುಕೊಂಡಿದ್ದಳು. ಸೂರಿನ ಕರಟದ ಸುದ್ದಿ ನನ್ನ ಭಾಷಣದಲ್ಲಿ ಎಲ್ಲೂ ಬಂದಿರಲಿಲ್ಲ.

ಅಜ್ಜಿಗೆ ಒಂದು ಹುಚ್ಚಿತ್ತು, ತೀರ್ಥದ ಹುಚ್ಚು. ಮಠದ ಸ್ವಾಮಿಗಳು ಮನೆಗೆ ಬಂದರೆ ಪಾದಪೂಜೆ ಮಾಡಿ, ಪಾದ ತೊಳೆದ ನೀರನ್ನು ಅಂಗೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿ ಕುಡಿಯುತ್ತಿದ್ದಳು. ಪಾದೋದಕ ಅಂದರೆ ಅವಳಿಗೆ ಔಷಧಿಗಿಂತ ಹೆಚ್ಚು. ಬೇರೆ ದೇವರು ಎಂದು ಭೇದ ಮಾಡುವವಳೂ ಅಲ್ಲ. ದರ್ಗಾದ ಸಕ್ಕರೆಯೂ ಆದೀತು, ಬೇಲೂರಿನ ಗುಡಿಯ ತುಳಸಿನೀರೂ ಆದೀತು. ಹೀಗಿರುವಾಗ ಪಕ್ಕದ ಮನೆಯ ಫಿಲೋಮಿನಾ ಟೀಚರು ಒಂದು ಗುರುವಾರ ಕಾಂಪೌಂಡಿನ ಆಚೆಯಿಂದ, "ಅಮ್ಮಾ, ಇವತ್ತು ಸಂಜೆ ನಮ್ಮ ಚರ್ಚಲ್ಲಿ ಪಾದ ತೊಳೆಯೋ ಪೂಜೆ" ಎಂದುಬಿಟ್ಟರು. ಅಜ್ಜಿ ಕೇಳಿಸಿಕೊಂಡದ್ದು ಅಷ್ಟೇ. ಮಡಿಸೀರೆ ಉಟ್ಟು, ಜೊತೆಗೆ ನನ್ನನ್ನು ಎಳೆದುಕೊಂಡು ಹೊರಟಳು.

ಚರ್ಚಿನಲ್ಲಿ ಮುಂದಿನ ಚಾಪೆಯೇ ಬೇಕೆಂದು ಹೋಗಿ ಕೂತಳು. ಎದುರಿಗೆ ಬೆಂಚಿನ ಮೇಲೆ ಹನ್ನೆರಡು ಜನ ಗಂಡಸರು, ಎಲ್ಲರೂ ಬಿಳಿ ಅಂಗಿ, ಬಿಳಿ ಪಂಚೆ. "ಸ್ವಾಮಿಗಳು ಭಾಳ ಜನ ಬಂದವ್ರೆ" ಎಂದು ಅಜ್ಜಿ ನನ್ನತ್ತ ಬಾಗಿ ಹೇಳಿದಳು. ನಾನು, ಯಾರಾದರೂ ಕಾಲೇಜಿನವರು ನೋಡಿಯಾರು ಎಂದು ಮುಖ ಮರೆಸಿಕೊಳ್ಳುತ್ತಿದ್ದೆ.

ಫಾದರ್ ಮಾತಾಡಿದರು. "ಕ್ರಿಸ್ತ ನಮ್ಮ ಅರಸ ಅಂತೀವಿ. ಅರಸನಿಗೆ ಕಿರೀಟ ಇಟ್ಟು ಕೈ ಮುಗಿಯೋದು ಸುಲಭ. ಆದರೆ ಈ ಅರಸ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲ ಹತ್ತಿರ ನೆಲಕ್ಕೆ ಕೂತ. ಅವನಿಗೆ ಮರ್ಯಾದೆ ಕೊಡಬೇಕು ಅಂದ್ರೆ ನಾವೂ ಅಲ್ಲಿಗೇ ಇಳೀಬೇಕು, ದಿನಾ ಇಳೀಬೇಕು."

"ರಾಜ ಕಾಲು ತೊಳೀತಾನಾ? ಹಂಗಾದ್ರೆ ಆಳು ಏನ್ ಮಾಡ್ಬೇಕು?" ಎಂದಳು ಅಜ್ಜಿ. ಮೆಲ್ಲಗೆ ಮಾತಾಡಿ ಅವಳಿಗೆ ಅಭ್ಯಾಸವಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಫಾದರ್ ಮೇಲಂಗಿ ತೆಗೆದಿಟ್ಟು, ಟವೆಲ್ ಕಟ್ಟಿಕೊಂಡು, ಮೊಣಕಾಲೂರಿ ಒಬ್ಬೊಬ್ಬರ ಪಾದವನ್ನೂ ತೊಳೆದರು, ಒರೆಸಿದರು, ಬಗ್ಗಿ ಮುತ್ತಿಟ್ಟರು. ನಾನು ತಲೆ ತಗ್ಗಿಸಿ ಕೂತಿದ್ದರಿಂದ ನನಗೆ ಕಂಡದ್ದು ಪಾದಗಳು ಮಾತ್ರ. ಒಂದು ಪಾದ ಬಂತು, ಹಿಮ್ಮಡಿ ಒಡೆದು ಸೀಳಿತ್ತು, ಹೆಬ್ಬೆರಳ ಪಕ್ಕದಲ್ಲಿ ಕಾಯಿ ಸುಲಿಯುವ ಕಬ್ಬಿಣ ತಗುಲಿ ಆದ ಹಳೆಯ ಗಾಯ. ಈ ಕಾಲನ್ನು ನಾನು ಬಲ್ಲೆ ಅನ್ನಿಸಿತು. ತಲೆ ಎತ್ತಿದೆ. ಇನ್ನಾಸಪ್ಪ! ಶೇವ್ ಮಾಡಿಕೊಂಡು, ತಲೆ ಬಾಚಿಕೊಂಡು, ದೊಡ್ಡ ಮನುಷ್ಯನ ಹಾಗೆ ಕಣ್ಣು ಮುಚ್ಚಿ ಕೂತಿದ್ದ.

ಅಜ್ಜಿಗೆ ಹೇಳೋಣವೆಂದು ತಿರುಗಿದರೆ ಪಕ್ಕದಲ್ಲಿ ಅಜ್ಜಿ ಇಲ್ಲ. ತೊಳೆದಾದ ಮೇಲೆ ನೀರಿನ ಬೋಗುಣಿಯನ್ನು ಕಂಬದ ಹತ್ತಿರ ಇಟ್ಟಿದ್ದರು, ಅವಳು ಆಗಲೇ ಅಲ್ಲಿದ್ದಳು. ಸೆರಗು ಸರಿಮಾಡಿಕೊಂಡು ಬಗ್ಗಿದಳು. ಅಂಗೈಯಲ್ಲಿ ನೀರು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಕುಡಿದಳು. ಉಳಿದದ್ದನ್ನು ತಲೆಗೆ ಸವರಿಕೊಂಡು, "ಬಾರೇ, ನೀನೂ ತಗೊ" ಎಂದು ನನ್ನನ್ನು ಕರೆದಳು.

ಹಾಡುತ್ತಿದ್ದವರ ಬಾಯಿ ನಿಂತಿತು. ಟೀಚರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಬೆಂಚಿನಿಂದ ಇನ್ನಾಸಪ್ಪ ಎದ್ದು ಕೂಗಿಕೊಂಡ.

"ಅವ್ವಾ, ಬ್ಯಾಡಿ! ಅದು ನಮ್ ಕಾಲ್ ನೀರು!"

ಅಜ್ಜಿ ಅವನತ್ತ ನೋಡಿದಳು. ಬಹಳ ಹೊತ್ತು ನೋಡಿ ನನ್ನನ್ನು ಕೇಳಿದಳು, "ಯಾರೇ ಅವ್ನು?"

ನಾನು ಬೆಚ್ಚಿದ್ದು ಅವಳು ನೀರು ಕುಡಿದಾಗಲ್ಲ, ಈ ಪ್ರಶ್ನೆ ಕೇಳಿದಾಗ. ನಾನು ಹುಟ್ಟುವ ಮೊದಲಿನಿಂದ ನಮ್ಮ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ ಮನುಷ್ಯ. ದಿನವೂ ಅವನ ಕರಟಕ್ಕೆ ಸುರಿಯುತ್ತಿದ್ದವಳು ಇವಳೇ. ಸುರಿಯುವವಳ ಕಣ್ಣು ಕರಟದ ಮೇಲಿರುತ್ತಿತ್ತು, ಮುಖ ನೋಡಿದ್ದೇ ಇಲ್ಲ.

"ನಮ್ಮ ಇನ್ನಾಸಪ್ಪ, ಅಜ್ಜಿ" ಎಂದೆ.

ಫಾದರ್ ಟವೆಲ್ ಬಿಚ್ಚದೆಯೇ ಹತ್ತಿರ ಬಂದರು. ಬೋಗುಣಿಯನ್ನು ನೋಡಿದರು, ಅಜ್ಜಿಯನ್ನು ನೋಡಿದರು. "ಪ್ರತಿ ವರ್ಷ ಈ ನೀರನ್ನ ಗಿಡಕ್ಕೆ ಹಾಕಿಸ್ತಿದ್ದೆ ತಾಯಿ" ಎಂದರು.

ಮನೆಗೆ ಬರುವ ಹೊತ್ತಿಗೆ ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಅಪ್ಪ ಬಾಗಿಲಲ್ಲೇ ನಿಂತಿದ್ದರು. ಮಠದಲ್ಲಿ ತಿಳಿದರೆ ಗತಿ ಏನು, ಕೊಬ್ಬರಿ ಮಂಡಿಯಲ್ಲಿ ನಾಳೆ ಹೇಗೆ ತಲೆ ಎತ್ತಿಕೊಂಡು ಓಡಾಡಲಿ ಎಂಬ ಚಿಂತೆ ಅವರಿಗೆ. ಅಜ್ಜಿ ಊಟ ಬೇಡವೆಂದು ಜಗಲಿಯ ಮೇಲೆ ಕೂತಳು. ಮಾರನೆಯ ದಿನವೂ ನೀರು ಮುಟ್ಟಲಿಲ್ಲ. ನಾವು ನಿಜಕ್ಕೂ ಗಾಬರಿಯಾದೆವು. ಅವತ್ತು ಶುಭ ಶುಕ್ರವಾರ, ಟೀಚರೂ ಉಪವಾಸ. ಹೆದರಿ ಹೆದರಿ ಬಂದು, "ನಾನು ಮೊದಲೇ ಹೇಳಬೇಕಿತ್ತು, ತಪ್ಪು ತಿಳ್ಕೋಬೇಡಿ ಅಮ್ಮಾ" ಎಂದು ಕಣ್ಣೀರಿಟ್ಟರು. ಅಜ್ಜಿ ಅವರನ್ನು ಕೇಳಿದ್ದು ಒಂದೇ. "ನಿಮ್ಮ ರಾಜ ಎಲ್ಲಾರ್ ಕಾಲೂ ತೊಳುದ್ನಾ, ಇಲ್ಲ ಇಂಥೋರ್ದು ಅಂತ ಆರಿಸ್ಕಂಡ್ನಾ?"

"ಎಲ್ಲಾರ್ದೂ ಅಮ್ಮಾ. ತನ್ನನ್ನ ವೈರಿಗಳಿಗೆ ಹಿಡಿದುಕೊಟ್ಟ ಶಿಷ್ಯನ ಕಾಲೂ ತೊಳೆದ."

ಅಜ್ಜಿ "ಹೂಂ" ಎಂದಳು.

ಸಂಜೆಗೆ ಅಪ್ಪ ತಡೆಯಲಾರದೆ, "ಪಂಚಗವ್ಯ ತರುಸ್ಲಾ ಅವ್ವ? ಒಂದ್ಸಲ ತಗೊಂಬಿಡು, ಎಲ್ಲಾ ಸರಿಹೋಯ್ತದೆ" ಎಂದರು.

"ಕುಡಿಯೋವಾಗ ಅದು ತೀರ್ಥ ಆಗಿತ್ತಲ್ಲೋ" ಎಂದಳು ಅಜ್ಜಿ. "ಕಣ್ಣಿಗೊತ್ಕಂಡ್ ಕುಡುದ್ನಲ್ಲ. ಅವ್ನ ಮುಖ ನೋಡಿದ್ಮ್ಯಾಕೆ ಹೊಲಸು ಹೆಂಗಾಯ್ತು? ಕೆಟ್ಟಿದ್ದು ನೀರಾ, ನನ್ ಕಣ್ಣಾ? ಕಣ್ಣಿಗೆ ಪಂಚಗವ್ಯ ಎಲ್ಲಿ ಸಿಕ್ಕತ್ತೆ ಹೇಳು, ತಗೋತೀನಿ."

ಅಪ್ಪ ವ್ಯಾಪಾರದಲ್ಲಿ ಯಾರಿಗೂ ಸೋತವರಲ್ಲ. ಅವತ್ತು ಟವೆಲ್ ಕೊಡವಿಕೊಂಡು ಎದ್ದುಹೋದರು.

ಈಸ್ಟರ್ ಕಳೆದು ಸೋಮವಾರ ಇನ್ನಾಸಪ್ಪ ಬಂದ. ಗೇಟಿನ ಒಳಗೆ ಬರಲಿಲ್ಲ. "ಅವ್ವ, ಫಾದರ್ ಕೂತ್ಕ ಅಂದ್ರು, ಕೂತ್ಕಂಡೆ. ನಂದೇನೂ ತಪ್ಪಿಲ್ಲ. ಕೆಲ್ಸಕ್ಕೆ ಬರ್ಲಾ, ಬ್ಯಾಡ್ವಾ?" ಎಂದ. ಅಜ್ಜಿ "ಒಳಿಕ್ಕೆ ಬಾ" ಎಂದು, ಅಡುಗೆಮನೆಗೆ ಹೋಗಿ, ನಾವು ಕುಡಿಯುವ ಹಿತ್ತಾಳೆ ಲೋಟದಲ್ಲಿ ನೀರು ತುಂಬಿಕೊಂಡು ಅವನು ಬಂದು ನಿಂತಿದ್ದ ಹಿತ್ತಿಲಿಗೆ ಬಂದಳು. ಅವಳ ಕೈಯಲ್ಲಿ ನೀರು ಕಂಡದ್ದೇ ತಡ, ಅವನ ಕೈ ತಾನಾಗಿ ಸೂರಿಗೆ ಹೋಗಿ ಕರಟ ತೆಗೆದು ಒಡ್ಡಿತು. ಅಜ್ಜಿ ಸುರಿಯಲಿಲ್ಲ.

"ಲೋಟ ಹಿಡ್ಕ."

"ಬ್ಯಾಡಿ ಅವ್ವ."

"ಹಿಡ್ಕ ಅಂದ್ರೆ."

ಅವನು ಕರಟ ಕೆಳಗಿಟ್ಟು ಲೋಟ ತೆಗೆದುಕೊಂಡ. ತುಟಿಗೆ ತಾಗದ ಹಾಗೆ ಎತ್ತಿ ಹಿಡಿದ. "ಕಚ್ಕಂಡ್ ಕುಡಿ" ಎಂದಳು ಅಜ್ಜಿ. ಕುಡಿದ. ಬಾಗಿಲಲ್ಲಿ ಅಪ್ಪ, "ಅವ್ವಾ..." ಎಂದದ್ದು ಅರ್ಧಕ್ಕೇ ನಿಂತಿತು. ಅಜ್ಜಿ ಅವನ ಮುಖವನ್ನೇ ನೋಡುತ್ತ, "ತಪ್ಪಾಯ್ತು ಕಣಪ್ಪ ಇನ್ನಾಸಪ್ಪ" ಎಂದಳು.

ಅಯ್ಯೋ ಬಿಡಿ ಅವ್ವ, ದೊಡ್ಡೋರು ನೀವು, ಎಂದು ಅವನು ಹೇಳುತ್ತಾನೆ ಎಂದುಕೊಂಡಿದ್ದೆ. ನನ್ನ ಕಣ್ಣಲ್ಲಿ ನೀರೂ ತಯಾರಾಗಿತ್ತು. ಅವನು ಹಾಗೆ ಹೇಳಲಿಲ್ಲ. ಬಾಯಿ ಒರೆಸಿಕೊಂಡು ಸೂರಿನ ಕಡೆ ಕೈ ತೋರಿಸಿದ.

"ಲೂರ್ದಿ ಸಾಯೋಗಂಟ ಅದ್ರಲ್ಲೇ ಕುಡುದ್ಲು ಅವ್ವ. ಜ್ವರ ಇಟ್ಕಂಡೂ ಬಂದು ಗುಡ್ಸಿ, ಅದ್ರಲ್ಲೇ ಕುಡುದ್ಲು. ಅವ್ಳಿಗ್ಯಾರು ಹೇಳ್ತಾರೆ, ತಪ್ಪಾಯ್ತು ಅಂತ?"

ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ ಆಳುಗಳೆಲ್ಲ ಇತ್ತ ತಿರುಗಿದರು. ನಾನು ಅಜ್ಜಿಯ ಮುಖ ನೋಡಲಾರದೆ ಅವಳ ಕೈ ನೋಡುತ್ತಿದ್ದೆ. ಆ ಕೈ ಸೂರಿಗೆ ಹೋಯಿತು. ಲೂರ್ದಮ್ಮನ ಕರಟ ಎಳೆದಳು, ಜೇಡರ ಬಲೆ ಸಮೇತ ಬಂತು. ತೊಟ್ಟಿಯ ಹತ್ತಿರ ಹೋಗಿ ತೊಳೆದಳು, ನೀರು ತುಂಬಿದಳು, ನಿಂತಲ್ಲೇ ಕಚ್ಚಿಕೊಂಡು ಕುಡಿದಳು. ಸಮಾನತೆಯ ಬಗ್ಗೆ ಅಷ್ಟು ಮಾತಾಡಿದ ನನಗೆ ಆ ಗಳಿಗೆಯಲ್ಲಿ ಬಂದ ಯೋಚನೆ, ಥೂ, ಸೋಪು ಹಾಕಿ ತೊಳೆಯಲೂ ಇಲ್ಲವಲ್ಲ ಎಂದು.

ಅಂದಿನಿಂದ ಅಜ್ಜಿ ನೀರು, ಕಾಫಿ, ಮಜ್ಜಿಗೆ ಎಲ್ಲವನ್ನೂ ಕುಡಿದದ್ದು ಆ ಕರಟದಲ್ಲೇ. ಸೂರಿನ ಉಳಿದ ಕರಟಗಳು ನೀರೊಲೆಗೆ ಹೋದವು, ಆಳುಗಳಿಗೆಲ್ಲ ಲೋಟ ಬಂತು. ಬೀದಿಯ ಹೆಂಗಸರು ಅವಳು ಕಿರಿಸ್ತಾನಳಾದಳೆಂದು ಆಡಿಕೊಂಡರು. ಆಗಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ತಪ್ಪಿಸಿದವಳಲ್ಲ. ಟೀಚರು ಒಮ್ಮೆ ಸಂಕೋಚದಿಂದ ಕೇಳಿದಾಗ, "ನಂಗೆ ನನ್ ಲಿಂಗ ಐತೆ. ನಿಮ್ ರಾಜಂಗೆ ಒಂದು ಮರ್ವಾದೆ ಕೊಡ್ಬೇಕಿತ್ತು, ಕೊಡ್ತಾ ಇವ್ನಿ" ಎಂದಳು. ಇನ್ನಾಸಪ್ಪನಿಗೆ ಮಾತ್ರ ಆ ಕರಟ ಕಂಡರೆ ಆಗುತ್ತಿರಲಿಲ್ಲ. "ಕೊಡಿ ಅವ್ವ, ಸುಟ್ಟಾಕ್ತೀನಿ" ಎಂದು ಜಗಳವಾಡುತ್ತಿದ್ದ. "ನಾನು ಹೋದ್ಮ್ಯಾಕೆ ಸುಡು" ಎನ್ನುತ್ತಿದ್ದಳು. ಅವಳನ್ನು ಮಣ್ಣು ಮಾಡಿ ಬಂದ ದಿನ ಅವನು ಹಾಗೇ ಮಾಡಿದ. ನಾಲ್ಕು ಸಿಪ್ಪೆ ಒಟ್ಟಿ, ಅದರ ಮೇಲೆ ಕರಟ ಇಟ್ಟು, ಪೂರ್ತಿ ಉರಿಯುವವರೆಗೆ ಎದುರಿಗೇ ನಿಂತಿದ್ದ. ಅವಳನ್ನು ಕ್ಷಮಿಸಿದನೋ ಇಲ್ಲವೋ, ನಾನು ಕೇಳಲಿಲ್ಲ.

ಮೊನ್ನೆ ಹಳೇಬೀಡಿನಿಂದ ಬೇಲೂರಿನ ನಮ್ಮ ಮನೆಗೆ ಬಂದ ಮೇಲೆ ಇದೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಮರುದಿನ ಬೆಳಿಗ್ಗೆ ಸರೋಜಮ್ಮ ಬಂದಳು. ಎಷ್ಟೋ ವರ್ಷದಿಂದ ನಮ್ಮ ಮನೆಯ ಪಾತ್ರೆ ತೊಳೆಯುವವಳು. ಕೆಲಸ ಮುಗಿಸಿ ಹಿತ್ತಿಲ ಮೆಟ್ಟಿಲ ಮೇಲೆ ಕೂತಳು. ನಾನು ಕಾಫಿ ಬೆರೆಸಿ, ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದ್ದ ಲೋಟಕ್ಕೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು. ಸ್ಟೀಲಿನ ಲೋಟ, ಒಳ್ಳೆಯದೇ, ಕೊಂಚ ಅಂಚು ಸೊಟ್ಟ. ಉಳಿದ ಲೋಟಗಳೆಲ್ಲ ಸ್ಟ್ಯಾಂಡಿನಲ್ಲಿವೆ, ಇದೊಂದು ಇಲ್ಲಿ ಯಾಕಿದೆ? ಯಾರು ಇಟ್ಟರು? ನಾನು ಇಟ್ಟ ನೆನಪಿಲ್ಲ. ಆದರೆ ಈ ಮನೆಯಲ್ಲಿ ಲೋಟ ಇಡುವವಳು ನಾನೊಬ್ಬಳೇ.

ಸ್ಟ್ಯಾಂಡಿನಿಂದ ಎರಡು ಲೋಟ ತೆಗೆದು ಕಾಫಿ ಹಾಕಿಕೊಂಡು ಹೋಗಿ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತೆ. ಅವಳು ಕೈಯೊಡ್ಡಲಿಲ್ಲ. "ಯಾಕಕ್ಕ, ನನ್ ಲೋಟ ಏನಾಯ್ತು?" ಎಂದಳು.

ಅಷ್ಟು ಆಳುಗಳ ಎದುರು ಅಜ್ಜಿ ಆಡಿದ ಮಾತು ಒಬ್ಬಳ ಎದುರು ಆಡಲು ನನಗೆ ಕಷ್ಟವಾಯಿತು. ಹೇಗೋ ಹೇಳಿದೆ. ತಪ್ಪಾಯ್ತು ಸರೋಜಮ್ಮ, ಎಂದೆ. ಏನು ತಪ್ಪು ಎಂದು ಅವಳು ಕೇಳಿದ್ದರಿಂದ ಬಿಡಿಸಿಯೂ ಹೇಳಬೇಕಾಯಿತು, ಬೇರೆ ಲೋಟ ಇಟ್ಟಿದ್ದೆ, ಗೊತ್ತೇ ಆಗದ ಹಾಗೆ ಇಟ್ಟಿದ್ದೆ, ಎಂದೆಲ್ಲ.

ಸರೋಜಮ್ಮ ಕಾಫಿ ತೆಗೆದುಕೊಂಡಳು. ಒಂದು ಗುಟುಕು ಕುಡಿದು ನನ್ನ ಮುಖ ನೋಡಿದಳು.

"ನಂಗೆ ಮೊದ್ಲಿಂದಾನೂ ಗೊತ್ತಿತ್ತು ಕಣಕ್ಕ" ಎಂದಳು. "ನಿಮಗೂ ಗೊತ್ತಿದ್ದೇ ಇಟ್ಟಿದ್ದೀರಿ ಅಂತ ಅನ್ಕಂಡಿದ್ದೆ."