ಓದಿಸಿದ ಸಕ್ಕರೆ ಮತ್ತು ದರ್ಗಾದ ಬಯಲು

ಇಸವಿ ಇರಲಿ ಬಿಡಿ. ಹೈದರಾಬಾದು ಆಗ ಆಂಧ್ರಪ್ರದೇಶದ ರಾಜಧಾನಿಯಾಗಿತ್ತು, ನಾನು ಎಂ.ಎ. ಮುಗಿಸಿದ ಬೇಸಿಗೆ ಅದು. ಇಷ್ಟು ನಿಜ. ಉಳಿದದ್ದರಲ್ಲಿ ಕೆಲವನ್ನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು.

ನಾವು ಬೀದರ ಕಡೆಯವರು. ಅಪ್ಪನ ನೌಕರಿಗಾಗಿ ಸಿಕಂದರಾಬಾದಿನಲ್ಲಿದ್ದೆವು. ಅಪ್ಪನ ಅಕ್ಕ, ಅಂದರೆ ನನ್ನ ಅತ್ತಿ, ಮನೆಯಲ್ಲಿ ಏನೇ ಒಳ್ಳೆಯದಾದರೂ ಗುರುವಾರ ಹೈದರಾಬಾದಿನ ಹಳೇ ಪಟ್ಟಣದ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸುತ್ತಿದ್ದಳು. ದರ್ಗಾ ನೋಡಿಕೊಳ್ಳುವ ಮುಜಾವರರು ದುವಾ ಓದಿ ಮರಳಿಸಿದ ಸಕ್ಕರೆಯನ್ನು ಅಲ್ಲೇ ಪೂರ್ತಿ ಹಂಚಬೇಕು, ಮನೆಗೆ ಒಯ್ಯಬಾರದು. ಅದು ಅವಳ ನೇಮ.

ನಾನು ಚಿಕ್ಕವಳಿದ್ದಾಗ ಹಂಚಲು ಎದ್ದು ತಿರುಗಬೇಕಾಗಿರಲಿಲ್ಲ. ದರ್ಗಾದ ಮುಂದೆ ಬೇವಿನ ಮರದ ಬಯಲಿತ್ತು. ಗುಲ್ಬರ್ಗಾ, ರಾಯಚೂರಿನಿಂದ ಬಂದವರು ಅಲ್ಲಿ ಬುತ್ತಿ ಬಿಚ್ಚಿ ಕೂತಿರುತ್ತಿದ್ದರು. ಕೆಲವರು ಮಕ್ಕಳ ತಲೆ ಬಾಚುತ್ತಿದ್ದರು, ಕೆಲವರು ಸುಮ್ಮನೆ ಮಲಗಿರುತ್ತಿದ್ದರು. "ಯಾರ ಹೆಸರೀಲೆ, ಅಕ್ಕಾರ?" ಎಂದು ಕೇಳಿ, "ಚಲೋ ಆಗ್ಲಿ" ಎನ್ನುತ್ತ ಅಂಗೈ ಒಡ್ಡುತ್ತಿದ್ದರು.

ಆ ಬೇಸಿಗೆಯ ಸಕ್ಕರೆ ನನ್ನ ಹೆಸರಿನದು. ನಡುವೆ ಹೋಗುವುದು ತಪ್ಪಿ, ಬಹಳ ವರ್ಷಗಳ ಮೇಲೆ ಹೋಗಿದ್ದೆವು. ಬಯಲು ಅಗಲವಾದ ರಸ್ತೆಯೊಳಗೆ ಸೇರಿಹೋಗಿತ್ತು. ಮರವಿರಲಿಲ್ಲ. ಬಾಗಿಲವರೆಗೂ ಸ್ಕೂಟರುಗಳು.

"ಯಾರಿಗೆ ಕೊಡ್ಲಿ? ಕೂತವ್ರೇ ಇಲ್ಲಲ್ಲ," ಎಂದಳು ಅತ್ತಿ.

"ಮನೀಗೆ ಒಯ್ಯೋಣ ನಡಿ, ಅತ್ತಿ."

"ಯಾಕ, ನಿನ್ನ ಎಂ.ಎ. ಅರ್ಧಾ ಪಾಸಾಗಬೇಕೇನು?"

ಸ್ಟೀಲಿನ ಬಟ್ಟಲು ಹಿಡಿದು ಅವಳು ಬಾಗಿಲ ಬಳಿ ನಿಂತಳು. ಸ್ಕೂಟರಿನವನೊಬ್ಬ ತೆಲುಗಿನಲ್ಲಿ "ವದ್ದಮ್ಮಾ", ಬೇಡಮ್ಮ, ಎಂದು ಕೈಯಲ್ಲಾಡಿಸಿದ. ಅವಸರದಲ್ಲಿ ಹೊರಬಂದ ಹೆಂಗಸೊಬ್ಬಳು ಮುಖ ಕೂಡ ನೋಡದೆ ಬಟ್ಟಲಿಗೆ ನಾಣ್ಯ ಹಾಕಿ ನಡೆದಳು. ಹೊರಗೆ ಸದಾ ಹಿಂದಿ ಮಾತಾಡುವ ಅತ್ತಿ ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿದಳು: "ಯವ್ವಾ, ನಾ ಬೇಡಾಕ ನಿಂತಿಲ್ಲರಿ, ಕೊಡಾಕ ನಿಂತೀನಿ."

ಆಕೆ ತಿರುಗಲಿಲ್ಲ. ಸುತ್ತಲಿದ್ದವರು ತಿರುಗಿದರು.

ಆಗ ಹೂ ಮಾರುವ ಮುದುಕಿಯೊಬ್ಬಳು ಬುಟ್ಟಿ ಸರಿಸಿ, ಫುಟ್‌ಪಾತಿನಲ್ಲಿ ಜಾಗ ಮಾಡಿ, ಅತ್ತಿಯ ಸೆರಗು ಜಗ್ಗಿ ಕೂರಿಸಿದಳು. ಅಗರಬತ್ತಿ ಮಾರುವವನನ್ನು ಕರೆದಳು, ಆಟೋದವರನ್ನು ಕರೆದಳು. ಒಬ್ಬೊಬ್ಬರಾಗಿ ಬಂದು ಕುಕ್ಕರಗಾಲಲ್ಲಿ ಕೂತರು. ಸ್ವಲ್ಪ ಹೊತ್ತು ಆ ಹಳೇ ಬಯಲೇ ಮತ್ತೆ ಹಾಸಿದಂತಿತ್ತು. ಅಂಥದ್ದನ್ನು ಆಮೇಲೆ ನಾನು ಆ ನಗರದಲ್ಲಿ ಎಷ್ಟು ಹುಡುಕಿದ್ದೇನೆ.

ಅಂದಿನ ಡೈರಿಯಲ್ಲಿ "ಇಬ್ಬರೂ ಕೂತು ಹಂಚಿದೆವು" ಎಂದು ಬರೆದಿದ್ದೇನೆ. ಆದರೆ ನನ್ನ ಕಣ್ಣಲ್ಲಿ ಉಳಿದಿರುವುದೇ ಬೇರೆ: ಅಡ್ಡ ಬರುವ ಬಸ್ಸುಗಳು, ಅವು ದಾಟಿದಾಗಲೆಲ್ಲ ಮತ್ತೆ ಕಾಣಿಸುವ ಅತ್ತಿ. ಪಕ್ಕದಲ್ಲಿ ಕೂತವಳಿಗೆ ಹಾಗೆ ಕಾಣಲು ಸಾಧ್ಯವಿಲ್ಲ. ರಸ್ತೆಯ ಆಚೆ ಬಸ್‌ ಸ್ಟಾಪಿನಲ್ಲಿ, ಅವಳು ಯಾರೋ ಎಂಬಂತೆ ನಿಂತವಳಿಗೆ ಮಾತ್ರ ಸಾಧ್ಯ.

ಹೋದ ವರ್ಷ ಅತ್ತಿಯನ್ನು ಕೇಳಿಯೇಬಿಟ್ಟೆ. ಅವಳು ನನ್ನ ಮುಖ ನೋಡಿದಳು, ಬಿಚ್ಚಿಹೋಗಿದ್ದ ನನ್ನ ಜಡೆ ಸರಿಮಾಡಿದಳು. ನಾನು ಕೇಳಿದ್ದು ಇಷ್ಟೇ:

"ಅತ್ತಿ, ದರ್ಗಾದ ಮುಂದ ಆ ಹೆಣ್ಮಗಳು ನಿನ್ನ ಬಟ್ಟಲಿಗೆ ರೊಕ್ಕಾ ಹಾಕಿದ ಮ್ಯಾಲೆ, ನಾ ಎಲ್ಲಿದ್ದೆ?"